ಮೊದಲನೇ ಪಗಾರ ನಮ್ಮ ಕಡೆಯಿಂದ
ಹಳೇ ಹುಬ್ಬಳ್ಳಿ ಅಕ್ಕಾರೊಬ್ರು ಇವತ್ತಿಂದ ನಮ್ಮ ರೊಟ್ಟಿ ಅಂಗಡಿಗೆ ಕೆಲಸಕ್ಕ ಬಂದಾರ, ಪಗಾರದ ಮೇಲೆ ಇಟ್ಕೊಂಡ ಮೊದಲನೇ ಮಂದಿ ಅಂದ್ರ ಇವರ! ಪಿಎಫ್‌ಗೆ 20 ಮಂದಿ ಕೆಲಸದವರು ಆಗ್ಬೇಕು, ಇಎಸ್‌ಐ ಅಂದ್ರ ಕೆಲಸದವರ ದವಾಖಾನಿ ವಿಮೆಗೆ 10, ನಿಮಗ್ಯಾಕ್ರೀ ಈಗ ಅದರ ಚಿಂತಿ ಅಂತ ಲೆಕ್ಕದವರು ನಕ್ರು, ಆದ್ರೂ ನಾ ಒಂದ್ ನೋಟ್‌ಬುಕ್‌ನ್ಯಾಗ ಹಾಜರಿ, ವಾರದ ರಜಾ, ಪಗಾರದ ತಾರೀಖು ಎಲ್ಲಾ ಬರದಿಟ್ಟೀನಿ. ಅಕ್ಕಾರು ಬಂದವರ ಹಿಟ್ಟಿಗೆ ಕೈ ಹಚ್ಚಿ "ಎಸರು ಇನ್ನೂ ಕುದೀಬೇಕಿತ್ತ ತಂಗಿ, ಅದಕ್ಕ ಅಂಚು ಸೀಳಾಕತ್ತಾವ" ಅಂದ್ರು. ಮಾಲಕರು ಯಾರು ಅನ್ನೋದ ಡೌಟ್ ಆತು ನೋಡ್ರಿ 😄 ಆರ್ಡರ್ ಕಮ್ಮಿ ಇದ್ದ ತಿಂಗಳೂ ಪಗಾರ ಕೊಡ್ಬೇಕಲ್ಲ ಅನ್ನೋ ಅಂಜಿಕಿ ಖರೇನ ಐತಿ, ಆದ್ರ ಇಷ್ಟ್ ದಿನ ಫೋನ್ ಬಂದ್ರ ಬಡಿಯೂ ರೊಟ್ಟಿ ಬಿಟ್ಟು ಓಡ್ತಿದ್ದೆ, ಇವತ್ತ ಕುಂತು ಮಾತಾಡೀನಿ. ಶ್ರಾವಣಕ್ಕ ಖಡಕ್ ರೊಟ್ಟಿ ಬೇಕಾದವರು ಈಗ ಹೇಳ್ರಪಾ.