ಪ್ರೊಬೇಷನ್ ರದ್ದಾಗಿ ಶಿಕ್ಷೆ ಬಿದ್ದರೆ ಮೇಲ್ಮನವಿ ಹೇಗೆ?

ತಪ್ಪಿತಸ್ಥರೆಂದು ತೀರ್ಪಾದರೂ ಜೈಲಿಗೆ ಹೋಗದೆ ಸನ್ನಡತೆಯ ಬಾಂಡ್ ಬರೆದುಕೊಟ್ಟು (ಇದೇ ಪ್ರೊಬೇಷನ್) ಬಿಡುಗಡೆಯಾದವರು ಷರತ್ತು ಮುರಿದರೆಂದು ಕೋರ್ಟಿಗೆ ಮನವರಿಕೆಯಾದರೆ, 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ 9ನೇ ಕಲಂ ಪ್ರಕಾರ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಇದರ ವಿರುದ್ಧದ ಮೇಲ್ಮನವಿಯಲ್ಲಿ ಹಳೇ ಜಗಳದ ಕಥೆಯನ್ನೇ ಪುಟಗಟ್ಟಲೆ ಬರೆಯುವುದು ದೊಡ್ಡ ತಪ್ಪು. ಮೊದಲ ತೀರ್ಪನ್ನು ಆಗಲೇ ಪ್ರಶ್ನಿಸದೆ ಬಿಟ್ಟಿದ್ದರೆ ಈಗ ಕೆದಕಿ ಫಲ ಕಡಿಮೆ. ಷರತ್ತು ನಿಜಕ್ಕೂ ಮುರಿಯಿತೇ, ಕೋರ್ಟು ಕ್ರಮಬದ್ಧವಾಗಿ ವಿಚಾರಿಸಿತೇ ಎಂಬುದರ ಮೇಲೇ ಒತ್ತು ಇರಲಿ.

ಮೊದಲು ಜೈಲು ತಪ್ಪಿಸಿಕೊಳ್ಳಬೇಕು. 9ನೇ ಕಲಮಿನ ವಿಚಾರಣೆ ನಡೆದಾಗ ಜಾಮೀನಿನ ಮೇಲಿದ್ದು, ಶಿಕ್ಷೆ 3 ವರ್ಷ ಮೀರದಿದ್ದರೆ, ಆ ದಿನವೇ ಅದೇ ನ್ಯಾಯಾಧೀಶರ ಮುಂದೆ ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 430(3)ರಡಿ (ಹಳೇ ಸಿಆರ್‌ಪಿಸಿ 389) ಅರ್ಜಿ ಹಾಕಿ. ಮೇಲ್ಮನವಿ ಸಲ್ಲಿಸುವಷ್ಟು ಕಾಲ ಸಾಮಾನ್ಯವಾಗಿ ಜಾಮೀನು ಸಿಗುತ್ತದೆ. ಆ ಅವಧಿ ಮುಗಿಯುವುದರೊಳಗೆ ಸೆಷನ್ಸ್ ಕೋರ್ಟಿನಿಂದ ಶಿಕ್ಷೆಯ ಅಮಾನತು ಆದೇಶ ತರದಿದ್ದರೆ ಮತ್ತೆ ಒಳಗೆ ಹೋಗಬೇಕಾಗುತ್ತದೆ. ಆಗಲೇ ಜೈಲಿನಲ್ಲಿದ್ದವರು ಜೈಲು ಅಧಿಕಾರಿಯ ಮೂಲಕವೂ ಮೇಲ್ಮನವಿ ಕಳಿಸಬಹುದು.

ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲಿಯ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟು ಶಿಕ್ಷೆ ಕೊಟ್ಟಿದ್ದರೂ ಮೇಲ್ಮನವಿ ಆಯಾ ಜಿಲ್ಲೆಯ ಸೆಷನ್ಸ್ ಕೋರ್ಟಿಗೆ. ಗಡುವು 30 ದಿನ. ನಕಲು ಪಡೆಯಲು ಹಿಡಿದ ದಿನಗಳು ಅದರಲ್ಲಿ ಸೇರುವುದಿಲ್ಲ. ತಡವಾದರೆ ಪ್ರತಿ ದಿನದ ಕಾರಣ ಬರೆದು, ಪ್ರಮಾಣಪತ್ರದೊಂದಿಗೆ ವಿಳಂಬ ಮನ್ನಾ ಅರ್ಜಿ ಲಗತ್ತಿಸಿ. ಜೈಲುಶಿಕ್ಷೆಯಾದರೆ ತೀರ್ಪಿನ ಒಂದು ಪ್ರತಿ ಉಚಿತವಾಗಿ ಕೊಡಬೇಕು, ಅದನ್ನು ಕೇಳಿ ಪಡೆಯಿರಿ. ಅದರ ಜೊತೆಗೆ ಬಾಂಡ್, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿ) ವರದಿ, ಆರ್ಡರ್ ಶೀಟ್ (ಕೋರ್ಟಿನ ದಿನದಿನದ ಆದೇಶಗಳ ದಾಖಲೆ) ಇವುಗಳ ದೃಢೀಕೃತ ನಕಲು ಬೇಕೇ ಬೇಕು. ಆರ್ಡರ್ ಶೀಟ್ ಇಲ್ಲದೆ ವಿಚಾರಣೆಯ ಲೋಪ ತೋರಿಸಲಾಗದು.

ಈಗ ಆಧಾರಗಳು. ಮುರಿದರೆಂದು ಹೇಳುವ ಷರತ್ತು ಬಾಂಡಿನಲ್ಲಿ ಇದೆಯೇ ಎಂದು ಸಾಲುಸಾಲಾಗಿ ಓದಿ. ಆಮೇಲೆ ಸೇರಿಸಿದ್ದಾದರೆ, 8ನೇ ಕಲಂ ಪ್ರಕಾರ ನಿಮ್ಮನ್ನೂ ಜಾಮೀನುದಾರರನ್ನೂ ಕೇಳದೆ ಬದಲಿಸುವಂತಿಲ್ಲ. ಘಟನೆ ನಡೆದದ್ದು ಬಾಂಡ್ ಅವಧಿಯೊಳಗೋ, ಮುಗಿದ ಮೇಲೋ? ಬಾಂಡ್ 3 ವರ್ಷ ಮೀರುವಂತಿಲ್ಲ. ಹೊಸ ಎಫ್‌ಐಆರ್ ಬರೀ ಆರೋಪ. ತಪ್ಪು ಸಾಬೀತಾಗಿದೆ ಎಂದಲ್ಲ. ವರದಿ ಬಂತು, ಅದನ್ನು ಓದಿ ಶಿಕ್ಷೆ ಬರೆದರು, ಉತ್ತರಕ್ಕೆ ಅವಕಾಶವೇ ಕೊಡಲಿಲ್ಲ ಎಂದಾದರೆ ಅದೇ ಬಲವಾದ ಆಧಾರ, ಏಕೆಂದರೆ 9(3) ವಿಚಾರಣೆಯ ನಂತರವೇ ಎನ್ನುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಐವತ್ತು ರೂಪಾಯಿಯ ಮಾತು. ಷರತ್ತು ಮುರಿದದ್ದು ಮೊದಲ ಸಲವಾದರೆ, ಬಾಂಡ್ ಹಾಗೆಯೇ ಉಳಿಸಿ 50 ರೂಪಾಯಿವರೆಗೆ ದಂಡ ಹಾಕಿ ಬಿಡಲು ಅದೇ 9ನೇ ಕಲಂ ಅವಕಾಶ ಕೊಟ್ಟಿದೆ. ಈ ದಾರಿಯನ್ನು ಪರಿಗಣಿಸದೆ, ಕಾರಣವನ್ನೂ ಬರೆಯದೆ ನೇರವಾಗಿ ಜೈಲುಶಿಕ್ಷೆ ಕೊಟ್ಟಿದ್ದರೆ ಮೇಲ್ಮನವಿಯಲ್ಲಿ ಅದನ್ನು ಎತ್ತಿ ಹೇಳಿ. ನಮ್ಮ ಕಡೆಯವರು ಮಳೆ ಕೈಕೊಟ್ಟಾಗ ಗೋವಾಕ್ಕೆ ದುಡಿಯಲು ಹೋಗುತ್ತಾರೆ. ವಾಸಸ್ಥಳದ ಷರತ್ತು ಮುರಿಯುವುದು ಹೀಗೆ, ಕೆಟ್ಟ ನಡತೆಯಿಂದಲ್ಲ. ಗುತ್ತಿಗೆದಾರರ ಹಾಜರಿ ಪುಸ್ತಕ, ಬಾಡಿಗೆ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್ ಇದ್ದು ಕೆಳ ಕೋರ್ಟಿಗೆ ಕೊಟ್ಟಿರದಿದ್ದರೆ, ಹೆಚ್ಚುವರಿ ಸಾಕ್ಷ್ಯಕ್ಕಾಗಿ ಬಿಎನ್‌ಎಸ್‌ಎಸ್ 432ರಡಿ ಬೇರೆ ಅರ್ಜಿ ಹಾಕಿ. ಮೇಲ್ಮನವಿಗೆ ಸುಮ್ಮನೆ ಪಿನ್ ಹೊಡೆದು ಕೊಟ್ಟರೆ ಯಾರೂ ನೋಡುವುದಿಲ್ಲ.

ಸರ್ಕಾರಿ ನೌಕರಿಯವರು, ಅರ್ಜಿ ಹಾಕಿ ಕಾಯುತ್ತಿರುವವರು ಇನ್ನೊಂದು ಗಮನಿಸಬೇಕು. ಪ್ರೊಬೇಷನ್ ಸಿಕ್ಕವರಿಗೆ ಅನರ್ಹತೆಯಿಂದ 12ನೇ ಕಲಂ ಕೊಡುವ ರಕ್ಷಣೆ, ಮೂಲ ಅಪರಾಧಕ್ಕೆ ಶಿಕ್ಷೆ ಬಿದ್ದರೆ ಹೋಗಿಬಿಡುತ್ತದೆ. ಶಿಕ್ಷೆ ಒಂದೇ ತಿಂಗಳದ್ದಾದರೂ ಮೇಲ್ಮನವಿ ಬಿಡಬೇಡಿ.

ವಕೀಲರ ಫೀ ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸೆಷನ್ಸ್ ಕೋರ್ಟಿನಲ್ಲೂ ಸೋತರೆ 90 ದಿನದೊಳಗೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿವಿಜನ್ ಅರ್ಜಿ (ಕೆಳ ಕೋರ್ಟಿನ ಆದೇಶ ಸರಿಯೇ ಎಂದು ನೋಡಲು ಕೇಳುವ ಅರ್ಜಿ). ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ.