ಅವ್ವ ಗುರುತು ಹಿಡಿದ ನೀರುನಾಯಿ

ಸಿಂಗಪುರಕ್ಕೆ ಬಂದು ಆರು ವರ್ಷ ಆಯ್ತು. ಊರಿಗೆ ಹೋದಾಗ ಎಲ್ಲರೂ ಕೇಳುವುದು ಇಲ್ಲಿನ ಕಟ್ಟಡ, ಮಾಲ್, ಏರ್‌ಪೋರ್ಟ್ ಬಗ್ಗೆ. ನಮ್ಮ ಭಾನುವಾರಗಳು ಬೇರೆ ಥರ. ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು, ಮಕ್ಕಳ ಕೈಕಾಲಿಗೆ ಸೊಳ್ಳೆ ಕ್ರೀಮ್ ಹಚ್ಚಿ, ನೀರು ಮರ ಇರುವ ಕಡೆ ಹೊರಟುಬಿಡುತ್ತೇವೆ. ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರ ಇರುವುದರಿಂದ ವರ್ಷವಿಡೀ ಸೂರ್ಯ ಹುಟ್ಟುವುದು ಏಳು ಗಂಟೆಯ ಆಸುಪಾಸಿಗೆ. ಹತ್ತರ ಮೇಲೆ ಮಕ್ಕಳನ್ನು ನಡೆಸುವುದು ಕಷ್ಟ, ಅಷ್ಟು ಸೆಕೆ.

ಸುಂಗೈ ಬುಲೋ ನಮ್ಮ ಖಾಯಂ ಜಾಗ. ಮ್ಯಾಂಗ್ರೋವ್ ಕಾಡು, ಕೆಸರಿನ ಮೇಲೆ ಕುಪ್ಪಳಿಸುವ ಮೀನು, ದಾರಿಗೆ ಅಡ್ಡ ಮಲಗಿರುವ ಆಳುದ್ದದ ಉಡ. ಸೇತುವೆ ಮೇಲಿಂದ ಒಮ್ಮೊಮ್ಮೆ ಮೊಸಳೆಯೂ ಕಾಣುತ್ತದೆ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಹೋದರೆ ಸೈಬೀರಿಯಾ ಕಡೆಯಿಂದ ಬಂದ ಹಕ್ಕಿಗಳು ಸಿಗುತ್ತವೆ. ಮ್ಯಾಕ್‌ರಿಚಿ ಕೆರೆಯ ಕಾಡಿನಲ್ಲಿ ಒಮ್ಮೆ ಕೋತಿಯೊಂದು ಮಗಳ ಕೈಯಲ್ಲಿದ್ದ ಬಿಸ್ಕತ್ತಿನ ಕವರ್ ಕಿತ್ತುಕೊಂಡು ಹೋಯಿತು, ಅವಳು ತುಂಬಾ ಹೆದರಿಬಿಟ್ಟಳು. ಅವತ್ತಿಂದ ತಿನ್ನುವುದೆಲ್ಲ ಬ್ಯಾಗಿನ ಒಳಗೆ. ಜನ ತಿನ್ನಿಸಿ ತಿನ್ನಿಸಿಯೇ ಕೋತಿಗಳಿಗೆ ಈ ಅಭ್ಯಾಸ ಬರುವುದು. 2020ರಿಂದ ಇಲ್ಲಿ ಯಾವ ಕಾಡುಪ್ರಾಣಿಗೂ ತಿನ್ನಲು ಕೊಡುವ ಹಾಗಿಲ್ಲ. ಒಳ್ಳೆಯ ಕಾನೂನು.

ಆದರೆ ನಾನು ಹೇಳಬೇಕೆಂದಿದ್ದು ಹೋದ ವರ್ಷ ಅವ್ವ ತುಂಗಭದ್ರೆ ದಂಡೆಯ ನಮ್ಮೂರು ಕಂಪ್ಲಿಯಿಂದ ಬಂದಾಗಿನ ವಿಷಯ.

ಅವ್ವನಿಗೆ ಎಂಟನೇ ಮಹಡಿಯ ಮನೆಯಲ್ಲಿ ಕೂತು ಕೂತು ಬೇಜಾರು. ಒಂದು ಬೆಳಿಗ್ಗೆ ಬಿಶಾನ್ ಪಾರ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿ ಹರಿಯುವ ಕಲ್ಲಾಂಗ್ ಹೊಳೆ ಮೊದಲು ಬರೀ ಸಿಮೆಂಟಿನ ಕಾಲುವೆ. ಅದನ್ನು ಒಡೆದು, ಕಲ್ಲು ಹುಲ್ಲು ಕೂಡಿಸಿ, ಹೊಳೆ ಅಂಕುಡೊಂಕಾಗಿ ಹರಿಯುವ ಹಾಗೆ ಮಾಡಿ 2012ರಲ್ಲಿ ಜನರಿಗೆ ಬಿಟ್ಟರು. ನಾವು ದಂಡೆಯ ಕಲ್ಲಿನ ಮೇಲೆ ಕೂತಿದ್ದೆವು. ಮಗ ನನ್ನ ಸೆರಗು ಜಗ್ಗಿ "ಅಮ್ಮಾ, ಅಲ್ಲಿ" ಅಂದ. ನೀರಿನ ಮೇಲೆ ಗುಳ್ಳೆ, ಆಮೇಲೆ ಒಂದು ಚಪ್ಪಟೆ ತಲೆ, ಅದರ ಹಿಂದೆ ಇನ್ನೊಂದು, ಎಣಿಸಿದರೆ ಒಂಬತ್ತು!

ಅವುಗಳಲ್ಲಿ ದೊಡ್ಡದು ಮೀನೊಂದನ್ನು ಕಚ್ಚಿಕೊಂಡು ದಂಡೆಗೆ ಹತ್ತಿತು. ನಮ್ಮಿಂದ ಹದಿನೈದು ಹೆಜ್ಜೆ ಇರಬಹುದು. ಮುಂಗಾಲಲ್ಲಿ ಮೀನನ್ನು ಒತ್ತಿ ಹಿಡಿದು ತಲೆಯಿಂದ ತಿನ್ನಲು ಶುರು ಮಾಡಿತು, ಮುಳ್ಳು ಕಟಕಟ ಮುರಿಯುವುದು ನಮಗೆ ಕೇಳುತ್ತಿತ್ತು. ಮೀಸೆಯ ತುದಿಯಲ್ಲಿ ನೀರಿನ ಹನಿ. ಮರಿಗಳು ಕೀಚ್ ಕೀಚ್ ಅಂತ ಪಾಲು ಕೇಳುತ್ತಾ ಸುತ್ತುತ್ತಿದ್ದವು. ತಿಂದಾದ ಮೇಲೆ ಎಲ್ಲವೂ ಹುಲ್ಲಿನಲ್ಲಿ ಉರುಳಾಡಿ ಮೈ ಒರೆಸಿಕೊಂಡವು.

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಇವು ನಮ್ಮ ಹೊಳಿ ನೀರುನಾಯಿ ಅಲ್ಲೇನ? ನಿಮ್ಮ ತಾತನ ಬಲಿ ಎಷ್ಟು ಸಲ ಹರಿದಾವ!"

ಮನೆಗೆ ಬಂದು ನೋಡಿದರೆ ಅವ್ವ ಹೇಳಿದ್ದು ಸರಿ. ಇಲ್ಲಿನದೂ ತುಂಗಭದ್ರೆಯದೂ ಒಂದೇ ಜಾತಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲೇ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಕಂಪ್ಲಿಯಲ್ಲೇ ಹುಟ್ಟಿ ಬೆಳೆದ ನಾನು ಒಂದು ನೀರುನಾಯಿಯನ್ನೂ ನೋಡಿರಲಿಲ್ಲ. ಹೊಳೆ ಕಡೆ ಹೋಗಬೇಡ ಅನ್ನುವುದನ್ನೇ ಕೇಳುತ್ತಾ ಬೆಳೆದವಳು. ನನ್ನ ಮಕ್ಕಳು ಸಮುದ್ರದಾಚೆಯ ಈ ದ್ವೀಪದಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ ನೋಡಿದರು. ಅವತ್ತು ರಾತ್ರಿ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಸಿಮೆಂಟು ತೆಗೆದ ಜಾಗಕ್ಕೆ ಅವು ತಾವಾಗಿಯೇ ಬಂದಿವೆ. ನಮ್ಮ ಹೊಳೆಯಲ್ಲಿ ಅವು ಮೊದಲಿಂದಲೂ ಇವೆ. ಮರಳು ಎತ್ತದೆ, ಡೈನಮೈಟ್ ಹಾಕಿ ಮೀನು ಹಿಡಿಯದೆ ಬಿಟ್ಟರೆ ಸಾಕು, ಅಲ್ವಾ?

ಅವ್ವ ವಾಪಸ್ ಹೋದ ಮೇಲೆ ಬೆಳಿಗ್ಗೆ ಹೊಳೆ ಕಡೆ ವಾಕ್ ಹೋಗುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ಬಂಡೆ ಮೇಲೆ ಹಿಕ್ಕೆ ನೋಡಿದೆ, ಅದರ ತುಂಬಾ ಮೀನಿನ ಮುಳ್ಳೇ ಇತ್ತು ಅಂದಳು. ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಎಷ್ಟು ದೊಡ್ಡದು, ಒಣಗಿತ್ತಾ, ಹಸಿ ಇತ್ತಾ ಅಂತ ಕೇಳಿದಳು. ಡಿಸೆಂಬರ್ ರಜೆಗೆ ಟಿಕೆಟ್ ಬುಕ್ ಆಗಿದೆ. ಬೈನಾಕ್ಯುಲರ್ ಈಗಲೇ ಅವಳ ಬ್ಯಾಗಿನಲ್ಲಿದೆ.