ಮೋಡದ ನಾಡಲ್ಲಿ ನವಿಲು ಬಣ್ಣದ ಗೋಡೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಹುಟ್ಟುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ. ಇಂಥ ಊರಲ್ಲಿ ಮನೆಯ ಹಾಲ್‌ಗೆ ಗಾಢವಾದ ಟೀಲ್ ಬಣ್ಣ ಹೊಡೆಸುತ್ತೇವೆ ಅಂದಾಗ ಅತ್ತೆ ಫೋನಿನಲ್ಲಿ, "ಇರೋ ಬೆಳಕೇ ಕಮ್ಮಿ, ಅದರಲ್ಲಿ ಇದು ಬೇಕಾ ಕಣಮ್ಮ?" ಅಂದರು.

ಟೀಲ್ ಅಂದರೆ ನೀಲಿಗೂ ಹಸಿರಿಗೂ ನಡುವಿನದು. ಸೀರೆ ಅಂಗಡಿಯಲ್ಲಿ ರಾಮಾ ಗ್ರೀನ್ ಅಂತ ತೋರಿಸುತ್ತಾರಲ್ಲ, ಅದರ ಅಕ್ಕಪಕ್ಕದ ಬಣ್ಣ.

ಅತ್ತೆಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಿಳಿ ಗೋಡೆ ಬೆಳಗಬೇಕಾದರೂ ಬಿಸಿಲು ಬೇಕು ಅಲ್ವಾ? ಉತ್ತರ ದಿಕ್ಕಿನ ಕೋಣೆಗೆ ಇಲ್ಲಿ ಚಳಿಗಾಲದಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ. ಮೋಡದ ತಣ್ಣನೆ ಬೆಳಕಲ್ಲಿ ಬಿಳಿ ಬಣ್ಣ ಬೂದು ಬೂದಾಗಿ ಕಾಣುತ್ತದೆ. ಇಲ್ಲಿನ ಬಾಡಿಗೆ ಮನೆಗಳಿಗೆ ಸಾಮಾನ್ಯವಾಗಿ ಮ್ಯಾಗ್ನೋಲಿಯಾ ಅನ್ನುವ ಕೆನೆ ಬಣ್ಣ ಇರುತ್ತದೆ. ಅಂಥ ಮನೆಯಲ್ಲಿ ಇದ್ದವರಿಗೆ ಆ ಮಂಕು ಚೆನ್ನಾಗಿ ಗೊತ್ತು. ಗಾಢ ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ, ನಿಜ. ಆದರೆ ದೀಪ ಹಾಕಿದ ಮೇಲೆ ಅದರ ಚಂದವೇ ಬೇರೆ. ಮೂಲೆಗಳು ಮರೆಯಾಗಿ ಕೋಣೆಗೆ ಒಂದು ಆಳ ಬರುತ್ತದೆ. ಚಳಿಗಾಲವೆಲ್ಲ ದೀಪದಲ್ಲೇ ಕಳೆಯುವ ಮನೆಗೆ ದೀಪಕ್ಕೆ ಒಪ್ಪುವ ಬಣ್ಣವೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಬಣ್ಣ ಆರಿಸುವುದೇ ದೊಡ್ಡ ಕೆಲಸ. ಡಾರ್ಸೆಟ್‌ನಲ್ಲಿ 1946ರಲ್ಲಿ ಶುರುವಾದ ಫ್ಯಾರೋ ಅಂಡ್ ಬಾಲ್ ಕಂಪನಿಯ ಟೀಲ್‌ಗೆ 'ವಾರ್ಡೊ' ಅಂತ ಹೆಸರು. ರೋಮಾನಿ ಜನರ ಚಿತ್ತಾರದ ಕುದುರೆ ಬಂಡಿಗಳಿಗೆ ಹಾಗನ್ನುತ್ತಾರೆ. ಸ್ಯಾಂಪಲ್ ಡಬ್ಬಿ ತಂದು ದೊಡ್ಡ ಕಾಗದಕ್ಕೆ ಬಳಿದು, ಅದನ್ನು ಗೋಡೆಯಿಂದ ಗೋಡೆಗೆ ಅಂಟಿಸಿ ನೋಡಬೇಕು. ಅದೇ ಕಾಗದ ಬೆಳಿಗ್ಗೆ ಕಿಟಕಿ ಪಕ್ಕ ನೀಲಿ, ರಾತ್ರಿ ಹಳದಿ ಬಲ್ಬಿನ ಕೆಳಗೆ ಹಸಿರು!

ನಮ್ಮದು ಹಳೇ ಇಟ್ಟಿಗೆಯ ಸಾಲುಮನೆ. ಗೋಡೆ ಅಲ್ಲಲ್ಲಿ ಉಬ್ಬುತಗ್ಗು. ಹೊಳಪಿಲ್ಲದ ಮ್ಯಾಟ್ ಪೇಂಟ್ ಅದನ್ನೆಲ್ಲ ಮುಚ್ಚುತ್ತದೆ. ಆದರೆ ಸ್ವಿಚ್ಚಿನ ಸುತ್ತ ಬೆರಳಿನ ಗುರುತು ಬಿಳಿಬಿಳಿಯಾಗಿ ಎದ್ದು ಕಾಣುತ್ತದೆ. ಮಕ್ಕಳಿರುವ ಮನೆಯಾದರೆ ಒರೆಸಲು ಬರುವ ಪೇಂಟನ್ನೇ ಕೇಳಿ ತನ್ನಿ. ಕೆಳಗೆ ಬಿಳಿ ಪ್ರೈಮರ್ ಬದಲು ಬೂದು ಛಾಯೆಯದು ಹಚ್ಚಿದರೆ ಮೇಲಿನ ಬಣ್ಣ ಬೇಗ ತುಂಬಿಕೊಳ್ಳುತ್ತದೆ. ನೆಲದಂಚಿನ ಮರದ ಪಟ್ಟಿಗೂ ಅದೇ ಟೀಲ್ ಹೊಡೆಸಿದೆವು. ಬಿಳಿ ಪಟ್ಟಿ ಉಳಿದಿದ್ದರೆ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತಿತ್ತು.

ಈಗ ಆ ಗೋಡೆಯ ಮುಂದೆ ಊರಿಂದ ತಂದ ಸಾಮಾನು ಎಷ್ಟು ಕಳೆಗಟ್ಟಿದೆ ಗೊತ್ತಾ! ಗುಳೇದಗುಡ್ಡ ಖಣದ ದಿಂಬಿನ ಕವರು, ಸಾಸಿವೆ ಬಣ್ಣದ್ದು, ಕೆಂಪು ಅಂಚು. ಕೆನೆ ಗೋಡೆಯ ಮುಂದೆ ಅದು ಸುಮ್ನೆ ಬಿದ್ದಿರುತ್ತಿತ್ತು. ಈಗ ಖಣದ ಸಣ್ಣ ಸಣ್ಣ ಬುಟ್ಟಾ ಕೂಡ ಸೋಫಾದಾಚೆಯಿಂದ ಎಣಿಸಬಹುದು. ಹಿತ್ತಾಳೆ ದೀಪ ಬಂಗಾರದ ಹಾಗೆ ಕಾಣುತ್ತದೆ.

ನೀವು ಅಲ್ಲಿ ಊರಲ್ಲಿ ಹೊಡೆಸುವುದಾದರೆ ಲೆಕ್ಕ ಬೇರೆ. ನಮ್ಮೂರ ಬಿಸಿಲು ಜಾಸ್ತಿ, ಟೀಲ್ ಕಣ್ಣಿಗೆ ಹೊಡೆಯಬಹುದು. ನೇರ ಬಿಸಿಲು ಬೀಳದ ಗೋಡೆ ಆರಿಸಿ, ಒಂದೇ ಗೋಡೆ ಸಾಕು. ಆ ಕೋಣೆಗೆ ಬಿಳಿ ಟ್ಯೂಬ್‌ಲೈಟ್ ಬೇಡ. 2700 ಕೆಲ್ವಿನ್ ಅಂತ ಬರೆದಿರುವ ಬೆಚ್ಚನೆ ಬೆಳಕಿನ ಬಲ್ಬ್ ಹಾಕಿ, ಆಮೇಲೆ ರಾತ್ರಿ ಹೊತ್ತು ಸ್ಯಾಂಪಲ್ ನೋಡಿ ಬಣ್ಣ ತೀರ್ಮಾನಿಸಿ.